ಹೊನ್ನೆ ಹಲಗೆಯ ಕಲೆ

...ಇಲ್ಲ ಅಪ್ಪಯ್ಯ, ಈ ಕಲೆ ಹುಲಿಯ ರಕ್ತದ್ದಲ್ಲ. ಗೊತ್ತು, ಗೊತ್ತು, ನೀವು ಹೇಳಿದ ಕಥೆಯೇ! ಇದೇ ಬಂಗಲೆಯ ಮೆಟ್ಟಿಲ ಮೇಲೆ, ನಿಮ್ಮ ತೊಡೆಗೆ ತಲೆಯಿಟ್ಟು ಎಷ್ಟು ಸಲ ಕೇಳಿಲ್ಲ? ‘ನಿಮ್ಮವ್ವನ್ನ ಹುಲಿ ಎತ್ಕೊಂಡೋಯ್ತು ಕಣವ್ವ. ಸಾಯೇಬ್ರು ಅದನ್ನ ಒಡೆದು ತಂದು ಇಲ್ಲೇ ಕೆಡವಿದ್ರು. ಅದ್ರ ನೆತ್ರಾನ ಈ ಅಲಗೆ ಕುಡ್ಕೊಬುಡ್ತು.’ ನಾನು ಅದನ್ನು ಮೈಸೂರಿನ ಹಾಸ್ಟೆಲಿನಲ್ಲಿ ಹೇಳಿ ಹೇಳಿ ಮೆರೆದೆ. ಹುಲಿಯ ಬಾಯಿಗೆ ಬಿದ್ದವಳ ಮಗಳೆಂದರೆ ಎಲ್ಲರೂ ಹಾಸಿಗೆಯಲ್ಲಿ ಜಾಗ ಬಿಡುತ್ತಿದ್ದರು!

ಯಾಕೆ ನಗುತ್ತೀರಿ? ಹೆತ್ತ ಅಪ್ಪನಿಗೆ ‘ನೀವು’ ಅನ್ನುತ್ತೇನೆ ಅಂತಲೇ? ಆ ಹಾಸ್ಟೆಲು ಕಲಿಸಿದ್ದು, ನಾಲಿಗೆ ಬಿಡುವುದಿಲ್ಲ. ಕಾವಲುಗಾರ ಮಂಟಯ್ಯನ ಮಗಳು ಪುಟ್ಟಸಿದ್ದಿ ಬಿ.ಎ. ಮಾಡಿ ಹುಣಸೂರಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾಳೆ. ರಜಕ್ಕೆ ಕಾಕನಕೋಟೆಗೆ ಬಂದು, ಸೆರಗು ಸಿಕ್ಕಿಸಿ, ಅಪ್ಪನ ಜೊತೆ ನೆಲ ಕೆರೆಯುತ್ತಾಳೆ. ನಗಿ, ಪರವಾಗಿಲ್ಲ. ಆದರೆ ಆ ಗಡಿಗೆಯ ಮುಚ್ಚಳ ತೆಗೆಯಬೇಡಿ.

ಬೇಡ ಅಂದೆನಲ್ಲ! ಅಳಲೆಕಾಯಿಯ ಕರಿ ಬಣ್ಣ ಈ ವರ್ಷ ಬೇಡ. ಹೊಸ ರೇಂಜರು ಹೇಳಿದ್ದನ್ನು ನೀವೂ ಕೇಳಿದಿರಿ. ಖೆಡ್ಡಾದಲ್ಲಿ ಆನೆ ಹಿಡಿಯುವುದನ್ನು ನೋಡಲು ಬರುವವರಿಗೆ ಮರದ ಸ್ವಂತ ಬಣ್ಣ ಕಾಣಬೇಕಂತೆ. ಹಳೆಯ ಕರಿಯನ್ನು ಗಾಜಿನ ಚೂರಿನಿಂದ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಜೇನುಮೇಣವನ್ನು ಎಣ್ಣೆಯಲ್ಲಿ ಕರಗಿಸಿ ತೆಳ್ಳಗೆ ಸವರುವುದು. ಅಷ್ಟೇ. ನಡುಮನೆ ಹೇಗಾಗಿದೆ ನೋಡಿ! ಮೇಣ ಹಚ್ಚಿದ್ದೇ ಕಾಣುವುದಿಲ್ಲ. ಹೊನ್ನೆ, ಈಗ ತಾನೇ ಕುಯ್ದ ಹೊನ್ನೆಯ ಹಾಗಿದೆ. ಇಂಥ ಮರವನ್ನು ಇಪ್ಪತ್ತೆರಡು ವರ್ಷ ಕರಿ ಬಳಿದು ಮುಚ್ಚಿದಿರಲ್ಲ, ಯಾಕೆ?

ಧೂಳು ಕಾಣದಿರಲಿ ಅಂತ. ಹೂಂ. ಹಳೆಯ ಸಾಹೇಬರಿಗೂ ಹಾಗೇ ಹೇಳಿ ಒಪ್ಪಿಸಿದ್ದಿರಂತೆ.

ಕೆರೆಯಿರಿ, ಕೈ ನಿಲ್ಲಿಸಬೇಡಿ. ನಾನು ಹೇಳುವುದನ್ನು ಕೇಳುತ್ತ ಕೆರೆಯಿರಿ. ಕಚೇರಿಯ ಶಿಕಾರಿ ಪುಸ್ತಕ ತೆಗೆಸಿ ನೋಡಿದೆ. ಅವ್ವ ತೀರಿಕೊಂಡ ವರ್ಷ ಇಲ್ಲಿ ಎರಡು ಚಿರತೆ ಬಿದ್ದಿವೆ, ಒಂದು ಪುಂಡಾನೆ. ಹುಲಿ ಇಲ್ಲ. ಒಂದೂ ಇಲ್ಲ. ಆಮೇಲೆ ಈ ಕಲೆ, ಮೂಲೆಯ ಕೋಣೆಯ ಬಾಗಿಲ ಮುಂದೆ. ರಕ್ತವೆಂದರೆ ಹರಿಯಬೇಕು, ಚೆಲ್ಲಬೇಕು. ಇಷ್ಟು ದುಂಡಗೆ, ಬಳೆಯ ಹಾಗೆ ನಿಲ್ಲುತ್ತದೆಯೇ? ಹೊನ್ನೆಯ ತುಂಡೊಂದರ ಮೇಲೆ ಒದ್ದೆ ಬಟ್ಟೆಯಲ್ಲಿ ಕಬ್ಬಿಣದ ಮೊಳೆ ಸುತ್ತಿಟ್ಟೆ. ಮಾರನೆಯ ದಿನಕ್ಕೆ ಮಸಿಯಂಥ ಕಪ್ಪು! ಕಬ್ಬಿಣ, ನೀರು, ಹೊನ್ನೆ. ಈ ಮೂರಿದ್ದರೆ ಸಾಕು ಅಪ್ಪಯ್ಯ, ಹುಲಿ ಬೇಕಿಲ್ಲ.

ಇದು ಕಬ್ಬಿಣದ ಬಕೀಟಿನ ತಳದ ಗುರುತು.

...ಬೆವರು ಒರೆಸಿಕೊಳ್ಳಿ. ತಗೊಳ್ಳಿ, ನನ್ನ ಸೆರಗು.

ಪ್ಲೇಗು ಬಂದಿತ್ತು. ಗೊತ್ತು ನನಗೆ. ಅಂದರೆ... ನೆನಪಿಲ್ಲ, ಏಳು ವರ್ಷದವಳಿಗೆ ಏನು ನೆನಪಿರುತ್ತದೆ? ಅಡುಗೆಯ ಚಿಕ್ಕಬಸಮ್ಮ ಹೇಳಿದ್ದು. ಊರು ಖಾಲಿಯಾಗಿ ಜನ ಕಾಡಂಚಿನ ಗುಡಿಸಲು ಸೇರಿದ್ದರಂತೆ. ಅವ್ವನನ್ನು ಆ ಮೂಲೆಯ ಕೋಣೆಯಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು, ನೀವು ಡಾಕ್ಟರನ್ನು ಕರೆಯಲು ಹುಣಸೂರಿಗೆ ನಡೆದಿರಂತೆ. ಚಿಕ್ಕಬಸಮ್ಮ ಭಯಕ್ಕೆ ಮೆಟ್ಟಿಲು ಕೂಡ ಹತ್ತಲಿಲ್ಲವಂತೆ. ಪಾಪ, ಅವಳೇ ಒಪ್ಪಿಕೊಂಡಳು. ಹೋಗುವಾಗ ನೀವು ನನಗೆ ಹೇಳಿದ್ದು ಒಂದೇ ಮಾತಂತೆ: ‘ಬಾಗ್ಲು ತಗ್ದು ಬಕೀಟ ಒಳಕ್ಕೆ ತಳ್ಳು. ಒತ್ತಾರೆ ಒಂದ್ಸಲ, ಸಂಜೆ ಒಂದ್ಸಲ ನೀರು ತುಂಬು. ಮುಖ ನೋಡ್ಬ್ಯಾಡ, ಓಡ್ಬಾ.’

ತಳ್ಳಿದೆ. ಮೂರು ದಿನವೂ ನೀರು ಹಾಕಿದೆ. ಡಾಕ್ಟರಿಲ್ಲದೆ ನೀವೊಬ್ಬರೇ ಬಂದಾಗ ಓಡಿ ಬಂದು ಹೇಳಿದೆನಲ್ಲ, ‘ಅವ್ವಂಗೆ ನೀರು ಕೊಟ್ಟೆ ಕಣಪ್ಪಯ್ಯ’ ಅಂತ. ನೀವು ತಲೆ ಸವರಿದಿರಿ. ಜಾಣೆ ಅಂದಿರಿ. ಚೊಂಬು ಭಾರವಾಗಿತ್ತು, ಎರಡು ಕೈಯಲ್ಲಿ ಎತ್ತಿ ಸುರಿಯುತ್ತಿದ್ದೆ. ಸುರಿದ ಕೂಡಲೇ ಬಕೀಟು ತುಂಬಿ ಹೊರಚೆಲ್ಲಿ, ನನ್ನ ಪಾದದ ಮೇಲೆ ತಣ್ಣಗೆ...

ಯಾಕೆ ಹಾಗೆ ನೋಡುತ್ತೀರಿ?

ಚಿಕ್ಕಬಸಮ್ಮ ಮೆಟ್ಟಿಲು ಹತ್ತಿರಲಿಲ್ಲ. ನಿಜ. ಪಾದ ಒದ್ದೆಯಾದದ್ದನ್ನು ಅವಳು ಹೇಳುವುದು ಹೇಗೆ... ನಿಜ.

ಏನಾದರೂ ಅನ್ನಿ ಅಪ್ಪಯ್ಯ! ಬೈಯಿರಿ! ಒಂದು ಚೊಂಬು ನೀರಿಗೇ ಬಕೀಟು ಯಾಕೆ ಚೆಲ್ಲಿತು ಅಂತ ಕೇಳಿ! ಏಳು ವರ್ಷದವಳಿಗೂ ಅಷ್ಟು ತಿಳಿಯುತ್ತದೆ. ಯಾರೂ ಕುಡಿಯದ ನೀರು ಇಳಿಯುವುದಿಲ್ಲ. ಮೊದಲ ದಿನ ಕರೆದಳು. ‘ಪುಟ್ಟೀ’ ಅಂದಳು. ಅದು ಅವ್ವನ ದನಿಯೇ ಅಲ್ಲ, ಹಲಗೆಯನ್ನು ಕೆರೆದ ಹಾಗಿತ್ತು. ಬಾಗಿಲ ಮೇಲೆ ಕೈಯಿಟ್ಟೆ. ತಳ್ಳಲಿಲ್ಲ. ಎರಡನೆಯ ದಿನವೂ ಕರೆದಳು. ನಾನು ತುಂಬಿದ ಬಕೀಟಿಗೇ ಮತ್ತೆ ನೀರು ಸುರಿದು, ಓಡಿದೆ. ಮೂರನೆಯ ದಿನ ಕರೆಯಲಿಲ್ಲ. ಆವತ್ತೂ ಸುರಿದೆ.

...ಮುಚ್ಚಳ ತೆಗೆಯಬೇಡಿ ಅಂದೆನಲ್ಲ. ಆ ಬಟ್ಟೆಯನ್ನು ಯಾಕೆ ಅದ್ದುತ್ತೀರಿ? ರೇಂಜರು ಬೈಯುತ್ತಾರೆ. ಇಡೀ ನೆಲ ಹೊನ್ನಿನಂತಿದ್ದು ಇಲ್ಲೊಂದೇ ಕರಿ ಬಳಿದರೆ... ಕಲೆಯನ್ನೇ ಮುಚ್ಚುತ್ತಿದ್ದೀರಿ. ಬಿಡಿ. ಬುಡಪ್ಪಯ್ಯ! ಬುಡು!

ಓ... ನಿಂಗೆ ಗೊತ್ತಿತ್ತಾ?

ಬಂದ ದಿನಾನೇ ಗೊತ್ತಾಯ್ತಾ? ಬಾಗಿಲ ಮುಂದೆ ತುಂಬಿದ ಬಕೀಟು ಮೊದಲು ಕಂಡದ್ದು ನಿನಗೇ ಅಲ್ಲವಾ. ಅದನ್ನ ದಾಟಿಕೊಂಡೇ ಒಳಕ್ಕೆ ಹೋದೆಯಲ್ಲ. ಆಮೇಲೆ ಬಂದು ನನ್ನ ತಲೆ ಸವರಿದೆ. ಜಾಣೆ ಅಂದೆ. ಹುಲಿಯ ಕಥೆ ಕಟ್ಟಿದೆ. ಆಡೋ ಬಾಯಿ ಇದ್ದ ಊರಿಗೆಲ್ಲ ಅದನ್ನೇ ಹೇಳಿದೆ... ಇಪ್ಪತ್ತೆರಡು ಸಲ, ಪ್ರತಿ ವರ್ಷ ಮಂಡಿಯೂರಿ ಇಲ್ಲಿ ಕರಿ ಬಳಿದೆ. ಒಂದು ಸಲಾನೂ ನನ್ನ ಕೇಳಲಿಲ್ಲ. ಯಾಕಪ್ಪಯ್ಯ? ಒಂದು ಸಲ ಕೇಳಿದ್ರೆ ನಾನು ಹೇಳ್ತಿದ್ದೆ. ಇಲ್ಲ... ಹೇಳ್ತಿರಲಿಲ್ಲ. ಸುಳ್ಳು. ಇವತ್ತೂ ಚಿಕ್ಕಬಸಮ್ಮನ ಹೆಸರು ಹೇಳಿದವಳು ನಾನು.

ಬಟ್ಟೆ ಕೊಡು. ಕೊಡು ಇಲ್ಲಿ. ಮೇಣ ನಾನು ಹಚ್ಚುತ್ತೇನೆ, ಈ ಕಲೆಯ ಮೇಲೂ ಹಚ್ಚುತ್ತೇನೆ. ಕಾಣಲಿ.

ಹುಲಿಯಿಲ್ಲ ಅಂತ ಪುಸ್ತಕ ನೋಡಿದೆ, ಮೊಳೆಯಿಟ್ಟು ನೋಡಿದೆ, ಎಲ್ಲ ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ. ಇವತ್ತು ಬೆಳಿಗ್ಗೆ, ನೀನು ಹೊಳೆಗೆ ಹೋಗಿದ್ದಾಗ, ನಾನೊಬ್ಬಳೇ ಆ ಕೋಣೆಗೆ ಹೋಗಿ, ಹೊಸ್ತಿಲಿನಿಂದ ಅವ್ವನ ಮಂಚವಿದ್ದ ಗೋಡೆಯವರೆಗೆ ಒಂದೊಂದೇ ಹಲಗೆಯನ್ನು ಮರ ಕಾಣುವ ತನಕ ಕೆರೆದು ನೋಡಿದೆ. ಹೊಸ್ತಿಲಿನ ಒಳಗೆ ಒಂದು ಹನಿ ನೀರಿನ ಗುರುತೂ ಇಲ್ಲ.