ಹೂಮಳೆಗೆ ತಪ್ಪು ಉತ್ತರ

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಹಿರಿಯ ಕಾಫಿ ಬೆಳೆಗಾರರಾದ ಮಂಜಯ್ಯನವರೇ, ಇಂದು ನಾವೆಲ್ಲ ಸನ್ಮಾನಿಸುತ್ತಿರುವ ಭುವನಾ ಟೀಚರ್ ಅವರೇ, ಮುಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಕ್ಕಳೇ, ಸಭಿಕರೇ,

ನಾನು ಹಬೀಬುರ್ರಹ್ಮಾನ್. ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುವವನು. ಈ ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷನೂ ಹೌದು. ಜೀಪಿನ ಕೆಳಗೆ ಮಲಗಿ ಮಾತಾಡಿ ಅಭ್ಯಾಸ. ನಿಂತು ಮಾತಾಡುವಾಗ ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೇಶಕ್ಕೆಲ್ಲ ಒಂದೇ ಕಲಿಕಾ ಮಟ್ಟ ಬೇಕೇ, ಬೇಡವೇ? ಟಿವಿಯಲ್ಲಿ ದೊಡ್ಡವರು ಕಿತ್ತಾಡುತ್ತಾರೆ. ನಾನಂತೂ ಬೇಕು ಎನ್ನುವವನು. ಇಂದಿಗೂ ಬೇಕು ಎನ್ನುವವನೇ! ಯಾಕೆ? ಹತ್ತನೇ ತರಗತಿ ಪಾಸಾಗಿ ಪುಣೆಗೆ ತರಬೇತಿಗೆ ಹೋಗಿದ್ದೆ. ಅಲ್ಲಿ ಭಿನ್ನರಾಶಿಯ ಒಂದು ಸಣ್ಣ ಲೆಕ್ಕ ಕೊಟ್ಟರು. ನನಗೆ ಬರಲಿಲ್ಲ. ಪಕ್ಕದವನು ನಕ್ಕ. ಊಟ ಬಿಟ್ಟು ಸ್ನಾನದ ಕೋಣೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವಳು ಅಲ್ಲೇ ಕೂತಿದ್ದಾಳೆ, ಇರಲಿ ಬಿಡಿ. ನನ್ನ ಮಗಳು ಜಿಕ್ರಾ ಎಲ್ಲಿಗೆ ಹೋದರೂ ತಲೆ ತಗ್ಗಿಸಬಾರದು, ಅಷ್ಟೇ ನನ್ನ ಆಸೆ.

ಹಾಗಾಗಿ ದೇಶಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಬಂದಾಗ ಸಿಹಿ ಹಂಚಿದವನು ನಾನೇ. ಭಿನ್ನರಾಶಿಯಲ್ಲಿ ಜಿಕ್ರಾ ಓದುವ ನಮ್ಮ ಐದನೇ ತರಗತಿ ಜಿಲ್ಲೆಗೇ ಮೇಲು! ಆದರೆ ಒಂದು ಪ್ರಶ್ನೆ ಇತ್ತು ನೋಡಿ. ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮಳೆ ಬಂದರೆ ಬೆಳೆಗಾರನಿಗೆ ಏನಾಗುತ್ತದೆ? ಸರಿ ಉತ್ತರ ‘ನಷ್ಟ’ ಅಂತೆ. ನಮ್ಮ ಮಕ್ಕಳು ಒಬ್ಬರೂ ಬಿಡದೆ ‘ಸಂತೋಷ’ ಎಂದು ಗುರುತು ಹಾಕಿದ್ದರು. ಇಡೀ ತರಗತಿ ಒಂದೇ ತಪ್ಪು ಮಾಡಿದರೆ ಮೇಲಿನವರು ಏನೆಂದುಕೊಂಡಾರು? ಪರೀಕ್ಷೆಯಲ್ಲಿ ಟೀಚರೇ ಉತ್ತರ ಹೇಳಿಕೊಟ್ಟಿದ್ದಾರೆ ಎಂದುಕೊಂಡರು. ಭುವನಾ ಟೀಚರ್ ಅಮಾನತಾದರು. ಅವರ ತಾಯಿ ತಂಗಮ್ಮನವರು ಸಂತೆಗೆ ಬರುವುದನ್ನೇ ಬಿಟ್ಟರು.

ನಾನು ಮಗಳನ್ನು ಕೂರಿಸಿಕೊಂಡು ಕೇಳಿದೆ: “ನಿಜ ಹೇಳು ಮಾರಾಯ್ತಿ, ಟೀಚರ್ ಹೇಳಿದ್ರಾ?”

“ಹೂವಿನ ಮಳೆ ಬಂದ್ರೆ ಖುಷಿ ಅಂತ ಟೀಚರ್ ಯಾಕಪ್ಪಾ ಹೇಳ್ಕೊಡ್ಬೇಕು? ನಂಗೇನು ಕಣ್ಣಿಲ್ವಾ?” ಅಂದಳು.

ಮಾರ್ಚ್ ತಿಂಗಳಲ್ಲಿ ವಿಚಾರಣಾಧಿಕಾರಿ ಬಂದರು. ಒಳ್ಳೆಯ ಮನುಷ್ಯರೇ, ಆದರೆ ಬಯಲುಸೀಮೆಯವರು. ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು. ಮಧ್ಯಾಹ್ನ ಗುಡುಗಿತು, ನೋಡಿ! ಕಾಫಿ ಗಿಡದಲ್ಲಿ ಮೊಗ್ಗು ಬಿಗಿದು ನಿಂತು, ಅದನ್ನು ಅರಳಿಸುವ ಹೂಮಳೆ ಇಲ್ಲದೆ ಎಲ್ಲರೂ ಆಕಾಶ ನೋಡುತ್ತಿದ್ದ ಹೊತ್ತು. ದಬದಬ ಸುರಿಯಿತು. ನಮ್ಮ ಘನ ಅಧ್ಯಕ್ಷರು, ಕ್ಷಮಿಸಿ ಮಂಜಯ್ಯನವರೇ, ಹೇಳಿಯೇಬಿಡುತ್ತೇನೆ, ಕೊಡೆ ಬಿಸಾಕಿ, ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಯ ಅಂಗಳಕ್ಕೆ ಓಡಿ ಬಂದರು. “ಬಂತಲ್ಲ ಮಾರಾಯ, ಬಂತು! ಈ ವರ್ಷ ಗೆದ್ವಿ!” ಎಂದು ಎದುರು ಸಿಕ್ಕಿದ ಆ ಅಧಿಕಾರಿಯನ್ನೇ ಒದ್ದೆ ಮೈಯಲ್ಲಿ ಅಪ್ಪಿಕೊಂಡರು. ಅವರ ಬಿಳಿ ಅಂಗಿ ಹಾಳಾಯಿತು. ಅವರು ತಬ್ಬಿಬ್ಬಾಗಿ, “ಇವರಿಗೇನಾಯಿತು?” ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು: “ಸಂತೋಷ ಸರ್!”

ಆಮೇಲೆ ಆ ಅಧಿಕಾರಿ ಯಾರನ್ನೂ ಏನೂ ಕೇಳಲಿಲ್ಲ. ಟವೆಲ್ ಕೇಳಿದರು, ಕಾಫಿ ಕೇಳಿದರು.

ಮೊನ್ನೆ ಆದೇಶ ಬಂದಿದೆ. ಟೀಚರ್ ನಿರ್ದೋಷಿ. ಸದ್ಯ, ಬದುಕಿದೆವು! ಎಷ್ಟೋ ದಿನದ ಮೇಲೆ ನಿನ್ನೆ ಕಣ್ಣು ತುಂಬ ನಿದ್ದೆ ಮಾಡಿದೆ. ಮಟ್ಟ ಒಂದೇ ಇರಲಿ, ನಾನು ಬೇಡ ಎನ್ನುವುದಿಲ್ಲ. ಪ್ರಶ್ನೆ ಬರೆಯುವವರು ಒಮ್ಮೆ ಘಾಟಿ ಹತ್ತಿ ಬರಲಿ. ಹೋಗಿಬರುವ ಜೀಪು ನನ್ನದು.

ಇನ್ನೊಂದೇ ಮಾತು. ಇಷ್ಟು ದಿನ ಬೇರೆಯವರು ಬಂದು ಹಾಜರಿ ಕರೆದಾಗ ನಮ್ಮ ಜಿಕ್ರಾ ಬಾಯಿಯೇ ಬಿಡುತ್ತಿರಲಿಲ್ಲವಂತೆ. ತರಗತಿಯಲ್ಲಿ ಕೂತುಕೊಂಡೇ ಗೈರುಹಾಜರಾಗಿದ್ದಾಳೆ, ಹಟಮಾರಿ! ನಾಳೆ ಬೆಳಿಗ್ಗೆ ಭುವನಾ ಟೀಚರ್ ಹಾಜರಿ ಕರೆಯುತ್ತಾರೆ. ಮಕ್ಕಳೇ, ತಂಗಮ್ಮನವರ ಮನೆಗೆ ಕೇಳುವಷ್ಟು ಗಟ್ಟಿಯಾಗಿ ‘ಎಸ್ ಟೀಚರ್’ ಅನ್ನಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.