ರಾತ್ರಿ ಕೊಡುವ ಹಳದಿ ಗುಳಿಗೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಮನೆಗೆ ಬಂದು ನೋಡ್ತಾರಲ್ಲ, ಆ ಸಿಸ್ಟರೇ ಅಲ್ವಾ?...

ಹಾಂ, ನಾನು, ಬಡಗಿಯವರ ಹೆಂಡತಿ. ಟೈಲರಮ್ಮ ಅಂತೀರಲ್ಲ ನೀವು, ಅದೇ ನಾನು... ಇಲ್ಲ ಇಲ್ಲ, ಗಾಬರಿ ಆಗಬೇಡಿ, ಇದ್ದಾರೆ. ಒಳಗೆ ಮಲಗಿದ್ದಾರೆ. ನಾನು ಅಡುಗೆಮನೆಗೆ ಬಂದು ಬಾಗಿಲು ಮುಂದಕ್ಕೆ ಎಳ್ಕೊಂಡು ಮಾತಾಡ್ತಿದೀನಿ, ಅದಕ್ಕೇ ದನಿ ಸಣ್ಣ...

ಹೊಟ್ಟೆದೇ ಸಿಸ್ಟರ್. ಹೋದ ವಾರ ನೀವು ಬಂದು ಹೋದ್ರಲ್ಲ, ಮಾರನೇ ಬೆಳಿಗ್ಗೆ ಒಂದ್ಸಲ ಹೋಯ್ತು. ಅಷ್ಟೇ. ಆಮೇಲೆ ಇಲ್ಲವೇ ಇಲ್ಲ... ನೆನಪಿದೆ, ನೀವು ಹೇಳಿದ್ದು ಮರೆತಿಲ್ಲ. ನೋವಿನ ಗುಳಿಗೆ ಹೊಟ್ಟೆ ಕಟ್ಟುತ್ತೆ, ಅದು ನಡೀತಿರೋವರೆಗೂ ರಾತ್ರಿ ಈ ಹಳದಿ ಗುಳಿಗೆ ತಪ್ಪಿಸಬೇಡಿ ಅಂದಿದ್ರಿ. ತಪ್ಪಿಸಿಲ್ಲ ಸಿಸ್ಟರ್, ನಾನೇ ಕೈಯಾರೆ ಕೊಡ್ತಿದೀನಿ...

ಅದನ್ನೇ ಕೇಳೋಣ ಅಂತ. ಎದುರುಮನೆಯಾಕೆ ಬಂದಿದ್ರು. ಒಂದು ಯಾವ ಮೂಲೆಗೆ ಸಾಲುತ್ತೆ, ಮೂರು ಹಾಕಿ, ಕುಟ್ಟಿ ಪುಡಿ ಮಾಡಿ ಹಾಲಲ್ಲಿ ಕುಡಿಸಿಬಿಡಿ ಅಂದ್ರು. ಕುಟ್ಟಾಣಿ ಮುಂದೇ ಇದೆ. ಗುಳಿಗೇನೂ ಹಾಕಿಟ್ಟಿದೀನಿ. ಯಾಕೋ ಕೈ ಬರಲಿಲ್ಲ...

ಕೊಡಬಾರದಾ? ಹಾಂ... ಪುಡೀನೂ ಮಾಡಬಾರದಾ. ಅದರ ಮೇಲಿನ ಹೊದಿಕೆ ಕರುಳಿಗೆ ಇಳಿದ ಮೇಲೇ ಕರಗಬೇಕು, ಹಾಲಿನ ಜೊತೆ ಹೋದ್ರೆ ಮೊದಲೇ ಕರಗುತ್ತೆ, ಅಲ್ವಾ... ಕರುಳನ್ನ ಹಿಂಡಿ ತಳ್ಳೋ ಔಷಧಿ, ಜಾಸ್ತಿ ಆದ್ರೆ ಮೈಯಲ್ಲಿರೋ ನೀರೂ ಸತ್ವಾನೂ ಹೊರಟುಹೋಗುತ್ತೆ... ಈ ಮೈಯಲ್ಲಿ ಹೋಗೋದಕ್ಕೆ ಇನ್ನೇನು ಉಳಿದಿದೆ ಸಿಸ್ಟರ್. ಆಯ್ತು, ಕುಟ್ಟಾಣಿ ಪಕ್ಕಕ್ಕಿಟ್ಟೆ...

ಎದುರುಮನೆಯಾಕೆನಾ? ದಿನಾ ತಗೋತಾರೆ ಅವರು, ಕಾಫಿ ಕುಡಿದಂಗೆ. ಅದಕ್ಕೇ ಊರಿಗೆಲ್ಲ ವೈದ್ಯ ಹೇಳ್ತಾರೆ... ಹಾಂ, ಇವರಿಗೆ ನೋವಿನ ಗುಳಿಗೆ ಇದೆ ಅಂತ ದಿನಾ ಕೊಡೋದು, ಬೇರೆಯವರು ಡಾಕ್ಟರನ್ನ ಕೇಳದೆ ಹಾಗೆ ಅಭ್ಯಾಸ ಮಾಡ್ಕೋಬಾರದು. ಹೇಳ್ತೀನಿ, ಕೇಳಿದ್ರೆ ಅವರ ಪುಣ್ಯ...

ವಾಂತಿ ಇಲ್ಲ... ಹೊಟ್ಟೆ ಊದಿಲ್ಲ, ಮುಟ್ಟಿದ್ರೆ ಮೆತ್ತಗೇ ಇದೆ... ಗಾಳಿ ಹೋಗುತ್ತೆ. ಹೋಗುವಾಗ ಕೆಮ್ಮಿ ಮುಚ್ಚಿಹಾಕ್ತಾರೆ, ನನಗೆ ಕೇಳಬಾರದು ಅಂತ. ಮದುವೆ ಆದಾಗಿನಿಂದ ಅದೇ ಕೆಮ್ಮು... ನಗಿ ನಗಿ, ನಾನೂ ನಕ್ಕವಳೇ...

ಊಟ ಎಲ್ಲಿ ಸಿಸ್ಟರ್. ಎರಡು ತುತ್ತಿಗೇ ತಟ್ಟೆ ತಳ್ತಾರೆ. ಮೊನ್ನೆಯಿಂದ ನೋವಿನ ಗುಳಿಗೇನೂ ಬೇಡ ಅಂತಿದ್ದಾರೆ. ನೋವಿಲ್ಲವಂತೆ. ನೋವಿಲ್ಲದವರು ಟವೆಲ್ ಕಚ್ಕೊಂಡು ಮಲಗ್ತಾರಾ?...

ನುಂಗಿದ್ದನ್ನ ನೋಡಿದೀನಾ ಅಂದ್ರೆ... ಕೈಗೆ ಕೊಡ್ತೀನಿ, ಲೋಟ ಹಿಡೀತೀನಿ, ಬಾಯಿಗೆ ಹಾಕ್ಕೋತಾರೆ. ಬಾಯಿ ತೆಗೆಸಿ ನೋಡೋಕೆ ಅವರೇನು ಮಗೂನಾ... ಯಾಕೆ ಸಿಸ್ಟರ್, ಯಾಕೆ ಹೀಗೆ ಕೇಳ್ತಿದೀರಾ?...

ನೋಡ್ತೀನಿ. ಫೋನ್ ಇಡಬೇಡಿ, ಇದನ್ನ ಹಿಡ್ಕೊಂಡೇ ಹೋಗ್ತೀನಿ...

ರೀ, ಸ್ವಲ್ಪ ಈ ಕಡೆ ಹೊರಳಿ... ಏನಿಲ್ಲ, ಹಾಸಿಗೆ ಮುದುರಿದೆ, ಸರಿ ಮಾಡ್ತೀನಿ... ಆ ಕೈ ತೆಗೀರಿ. ಗೋಡೆ ಕಡೆ ಏನಿದೆ ಅಂತ ಹಾಗೆ ಒತ್ತಿ ಹಿಡಿದಿದೀರಾ? ತೆಗೀರಿ ಅಂದೆ...

ಸಿಸ್ಟರ್... ಇದೀರಾ? ಇಲ್ಲಿವೆ. ಎಲ್ಲಾ ಇಲ್ಲೇ ಇವೆ. ಹಾಸಿಗೆಗೂ ಮಂಚದ ಹಲಗೆಗೂ ನಡುವೆ, ಒಂದು ಬಟ್ಟೆ ಚೂರಲ್ಲಿ. ನನ್ನ ಮೆಷಿನ್ ಕೆಳಗೆ ಬಿದ್ದಿರೋ ಚೂರೇ. ಬಾಯಲ್ಲಿಟ್ಕೊಂಡು ಆಮೇಲೆ ಉಗುಳಿದ್ದಾರೆ, ಹಳದಿ ಬಣ್ಣ ಬಟ್ಟೆಗೆಲ್ಲ ಅಂಟಿದೆ...

ಯಾಕ್ರೀ? ಯಾಕೆ ಹೀಗೆ ಮಾಡಿದ್ರಿ?... ಸೂರು ನೋಡಬೇಡಿ, ನನ್ನನ್ನ ನೋಡಿ... ಯಾವತ್ತು?... ಬಚ್ಚಲಲ್ಲಿ? ನಾನಾ?...

ಸಿಸ್ಟರ್, ಕೇಳಿಸ್ತಾ?... ಇಲ್ಲ ಬಿಡಿ, ಅವರ ದನಿ ನನಗೇ ಕೇಳಲ್ಲ. ಆ ಬೆಳಿಗ್ಗೆ ಹೋಯ್ತು ಅಂದೆನಲ್ಲ, ಹಾಸಿಗೇಲೇ ಆಗಿತ್ತು. ಔಷಧಿ ಅದರ ಕೆಲಸ ಅದು ಮಾಡಿತ್ತು, ನಾನು ಬಂದು ಎತ್ತೋಷ್ಟರಲ್ಲಿ ತಡ ಆಯ್ತು. ಆಮೇಲೆ ಬಚ್ಚಲಲ್ಲಿ ಹೊದಿಕೆ ಹಿಂಡ್ತಾ ಇದ್ದೆ, ಸೊಂಟ ಹಿಡ್ಕೊಂತು. ಅಮ್ಮಾ ಅಂದೆ. ಅಷ್ಟೇ ಸಿಸ್ಟರ್, ನಾನು ಅಂದಿದ್ದು ಅಷ್ಟೇ. ಅದು ಇವರ ಕಿವಿಗೆ ಬಿದ್ದಿದೆ...

ಆವತ್ತಿಂದ ಶುರು. ತಿಂದ್ರೆ ತಾನೇ ಬರೋದು ಅಂತ ತಿನ್ನೋದು ಬಿಟ್ರು. ಹಳದಿ ಗುಳಿಗೆ ಉಗುಳಿದ್ರು. ಹೊಟ್ಟೆ ಕಟ್ಟಿ ಸಂಕಟ ಆದಾಗ ನೋವಿನ ಗುಳಿಗೇನೂ ಬಿಟ್ರು. ಎಲ್ಲಾ ಹಲ್ಲು ಕಚ್ಕೊಂಡು ತಡ್ಕೊಂಡ್ರು, ಯಾಕೆ ಅಂದ್ರೆ ನನ್ನ ಸೊಂಟಕ್ಕೆ. ನಾನು ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಗೊರಕೆ ಹೊಡೀತಿದ್ದೆ...

ಫೋನ್ ಅವರ ಕಿವಿಗಿಡ್ಲಾ? ಆಯ್ತು, ನೀವೇ ಹೇಳಿ, ನನ್ನ ಮಾತು ಕೇಳಲ್ಲ... ರೀ, ಸಿಸ್ಟರ್ ಮಾತಾಡ್ತಾರಂತೆ. ನೀವು ಏನೂ ಹೇಳಬೇಡಿ, ಸುಮ್ನೆ ಕೇಳಿಸ್ಕೊಳ್ಳಿ...

...

ಹಾಂ, ನಾನೇ. ಏನು ಹೇಳಿದ್ರಿ ಅವರಿಗೆ? ಗೋಡೆ ಕಡೆ ತಿರುಗಿಬಿಟ್ರು. ಬಾಗಿಲ ಚೌಕಟ್ಟು ಹೆಗಲ ಮೇಲಿಟ್ಕೊಂಡು ಒಬ್ಬರೇ ಮಹಡಿ ಹತ್ತುತ್ತಿದ್ದ ಮನುಷ್ಯ ಸಿಸ್ಟರ್. ಅವರ ತಾಯಿ ಹೋದಾಗ್ಲೂ ಅತ್ತಿರಲಿಲ್ಲ. ಈಗ ಹೆಗಲು ನಡುಗ್ತಿದೆ...

ಹೇಳಿ, ಕೇಳಿಸ್ಕೊಳ್ತಿದೀನಿ. ನೋವಿನ ಗುಳಿಗೆ ಈಗಲೇ. ಹಳದೀದು ಮಲಗೋ ಹೊತ್ತಿಗೆ, ಒಂದೇ, ಇಡಿಯಾಗಿ, ನೀರಲ್ಲಿ... ಬೆಳಗಾಗೋ ಹೊತ್ತಿಗೆ ಕೆಲಸ ಮಾಡುತ್ತೆ. ಇನ್ನೂ ಆಗಿಲ್ಲ ಅಂತ ನಡುವೆ ಇನ್ನೊಂದು ಕೊಡಬಾರದು... ಹೊಟ್ಟೆ ಗಟ್ಟಿಯಾಗಿ ಊದಿದ್ರೆ, ನುಲಿಯೋ ಹಾಗೆ ನೋವು ಬಂದ್ರೆ, ವಾಂತಿ ಆದ್ರೆ, ಏನೂ ಕೊಡದೆ ತಕ್ಷಣ ನಿಮಗೆ ಫೋನ್ ಮಾಡಬೇಕು. ಸರಿ... ಬೆಳಿಗ್ಗೆ ನೀವೇ ಬರ್ತೀರಾ? ಎತ್ತದೆ ಮಗ್ಗುಲಿಗೆ ಹೊರಳಿಸೋದು ತೋರಿಸಿಕೊಡಿ ಸಿಸ್ಟರ್, ಅವರ ಮುಂದೇನೇ ತೋರಿಸಿ. ನನ್ನ ಸೊಂಟಕ್ಕೆ ಏನೂ ಆಗಲ್ಲ ಅಂತ ಅವರು ಕಣ್ಣಾರೆ ನೋಡಲಿ...

ಒಂದು ಕೇಳ್ಲಾ? ಇದೆಲ್ಲಾ ಸರಿಯಾಗಿ ಮಾಡಿದ್ರೂ ಅವರು ಉಳಿಯಲ್ಲ, ಅಲ್ವಾ?... ಗೊತ್ತು. ಗೊತ್ತಿದ್ದೇ ಕೇಳಿದೆ... ಹೌದು, ಒದ್ದಾಡದೆ ಹೋಗಬೇಕು. ಅದೊಂದನ್ನಾದ್ರೂ ನಾನು ಮಾಡಬೇಕು ಅಂತಿದ್ದೆ, ಅದನ್ನೂ ಇವರು ನನ್ನ ಕೈಯಿಂದ ಕಿತ್ಕೊಂಡಿದ್ರು ನೋಡಿ...

ತಾಳಿ, ಏನೋ ಅಂತಿದ್ದಾರೆ. ಏನ್ರೀ?... ಕೇಳ್ತಿಲ್ಲ, ಇರಿ, ಹತ್ರ ಬಂದೆ. ಹೇಳಿ...

ಸಿಸ್ಟರ್... ನುಂಗ್ತಾರಂತೆ. ಇವತ್ತೇ ನುಂಗ್ತಾರಂತೆ. ಆದ್ರೆ ನಾನೊಂದು ಮಾತು ಕೊಡಬೇಕಂತೆ... ತೊಳೆಯುವಾಗ ದೀಪ ಆರಿಸಬೇಕಂತೆ. ಬೆಳಕು ಹರಿದಿದ್ರೆ ಕಿಟಕಿ ಮುಚ್ಚಿ ಪರದೆ ಎಳೀಬೇಕಂತೆ. ಹಾಗಿರೋದನ್ನ ನಾನು ನೋಡಬಾರದಂತೆ. ಅವರನ್ನ ನೆನೆಸ್ಕೊಳ್ಳುವಾಗ ನನಗೆ ಅದು ನೆನಪಾಗಬಾರದಂತೆ...

ಕೊಟ್ಟೆ. ಏನು ಮಾಡ್ಲಿ, ಮಾತು ಕೊಟ್ಟೆ. ಕತ್ತಲಲ್ಲೇ ತೊಳೀತೀನಿ. ಅದಕ್ಕೆ ಕಣ್ಣು ಯಾಕೆ ಬೇಕು, ಆ ಮೈ ನನ್ನ ಕೈಗೆ ಗೊತ್ತಿಲ್ವಾ... ಇಡ್ತೀನಿ ಸಿಸ್ಟರ್, ನೋವಿನ ಗುಳಿಗೆ ಕೊಡಬೇಕು...