ಟ್ವೈಟ್ ಎಂಬ ಹಡಗು ಮುಳುಗಿದ ಬಗೆ

ಅಲ್ಲ ಕಣಮ್ಮ, ‘ಸಮುದ್ರಪಾಲಾದ’ ಅಂತ ಬರಿ, ಸಾಕು. ಕ್ಲಾರಿ ಪೆಂಗೆಲಿ, ಮರ್ರೆ ಹೊಳೆ ದಂಡೆಯವನು, ಬ್ರಿಟಿಷ್ ನೌಕಾಪಡೆಯ ವಿಮಾನದಳ, ನಲವತ್ಮೂರನೇ ಇಸವಿ, ಸಮುದ್ರಪಾಲಾದ. ಬರದ್ಯಾ?... ಯಾಕೆ, ಪೆನ್ನು ಬರೀತಿಲ್ವ? ಆ ಟೇಪ್ ರೆಕಾರ್ಡರ್ ಪಕ್ಕ ನಂದೊಂದಿದೆ, ತಗೋ.

ಟೀ ಬರುತ್ತೆ, ನನ್ನ ಹೆಂಡ್ತಿ ಮಾವಿಸ್ ಒಳಗೆ ಮಾಡ್ತಿದಾಳೆ. ಸ್ವಲ್ಪ ಮೆತ್ತಗೆ ಮಾತಾಡು. ಕ್ಲಾರಿ ಅವಳ ಅಣ್ಣ. ಆ ದಳಕ್ಕೆ ಸೇರಿದ ನಮ್ಮ ಆಸ್ಟ್ರೇಲಿಯದವರನ್ನೆಲ್ಲ ಹುಡುಕಿ ಪಟ್ಟಿ ಮಾಡ್ತಿದೀಯ, ಒಳ್ಳೇದೇ. ಅಡಿಲೇಡಿಂದ ಇಷ್ಟು ದೂರ ಬಂದಿದೀಯ, ನಮ್ಮ ವಿಳಾಸ ಯಾರು ಕೊಟ್ರೋ ಏನೋ. ಆದ್ರೆ ನಿನ್ನ ಪುಸ್ತಕ ಬಂದ ದಿನ ಅವಳು ಮೊದಲು ತೆಗೆಯೋದು ಅಣ್ಣನ ಪುಟಾನೇ. ಅದರಲ್ಲಿ ಬೇರೆ ಏನಾದ್ರೂ ಇದ್ರೆ ಈ ಮನೇಲಿ ನಾನಿರಕ್ಕಾಗಲ್ಲ. ಅದಕ್ಕೇ ನಾನು ಹೇಳ್ದಂಗೆ ಬರಿ ಅನ್ನೋದು.

ಕ್ಲಾರಿ, ನಾನು ಇಬ್ರೂ ವಿಮಾನ ಹಾರಿಸೋದು ಕಲಿಯಕ್ಕೆ ಹೋದೋರು. ನಮ್ಮ ಹಡಗು ಟ್ವೈಟ್. ಒಂದು ಪುಟಾಣಿ ಹಕ್ಕಿ ಹೆಸರು ಅದು. ಸ್ಕಾಟ್ಲೆಂಡ್ ಕಡೆ ಇತ್ತು. ದೊಡ್ಡ ದೊಡ್ಡ ಅಲೆ... ಹಡಗು ವಾಲ್ತು... ಕೊನೇ ದೋಣಿ ಹೊರಟೇಹೋಯ್ತು. ನಾನು ಅವನ ಕಾಲರ್ ಹಿಡ್ಕೊಂಡೇ ಇದ್ದೆ. ತಲೆ ಮೇಲೆ ಟೋಪಿ ಹಂಗೇ ಇತ್ತು, ಪಾಪ, ಟೋಪಿ ಸಮೇತ ಹೋದ...

ಯಾಕೆ ನಗ್ತಿದೀಯ?

ಓ. ಗೊತ್ತಾ ನಿಂಗೆ... ಮೆತ್ತಗೆ, ಮೆತ್ತಗೆ.

ಆಯ್ತು. ಟ್ವೈಟ್ ಹಡಗಲ್ಲ. ಹೊಲ. ಆಲೂಗಡ್ಡೆ ಹೊಲ ಸಮ ಮಾಡಿ ವಿಮಾನ ಇಳಿಸ್ತಿದ್ರು. ಸಮುದ್ರ ಅಲ್ಲಿಂದ ಎಂಟು ಮೈಲಿ. ಆದ್ರೆ ನೌಕಾಪಡೆ ನೋಡು, ಹೊಲಾನೂ ಹಡಗು ಅಂತಾನೇ ಕರೀಬೇಕು. ಅಡುಗೆಮನೆ ನೆಲ ಡೆಕ್ಕು. ಗೇಟು ದಾಟಿದ್ರೆ ‘ದಡಕ್ಕಿಳಿದ’. ಊರಿಗೆ ಹೋಗೋ ಬಸ್ಸು ‘ದೋಣಿ’. ಒಂದಿನ ಕುರಿ ಮಂದೆ ಒಳಗೆ ನುಗ್ತು. ‘ಕುರಿಗಳು ಹಡಗು ಹತ್ತಿವೆ, ದಡಕ್ಕಿಳಿಸಿ’ ಅಂತ ಅಧಿಕಾರಿ ಹುಕುಂ ಮಾಡ್ದ. ಒಂಚೂರೂ ನಗಲಿಲ್ಲ ಮಹಾರಾಯ. ನಾವೂ ಸಲ್ಯೂಟ್ ಹೊಡೆದು ಇಳಿಸಿದ್ವಿ.

ಕ್ಲಾರಿ ಹೋದಾಗ ಅವರಮ್ಮಂಗೆ ಕಾಗದ ಬರೆದಿದ್ದು ನಾನೇ. ಅದರಲ್ಲಿ ಸುಳ್ಳು ಒಂದಕ್ಷರ ಇಲ್ಲ. ‘ಕ್ಲಾರಿಗೆ ಕೊನೇ ದೋಣಿ ತಪ್ಪಿಹೋಯ್ತು. ಒಬ್ಬನೇ ದಡಕ್ಕೆ ಹೊರಟ. ಮತ್ತೆ ಹಡಗಿಗೆ ಬರಲಿಲ್ಲ.’ ನಮ್ಮ ನಾಲಿಗೆಗೆ ಅದೇ ಮಾತು ಅಂಟಿತ್ತಮ್ಮ, ಏನು ಮಾಡಲಿ. ಬಸ್ಸು ತಪ್ಪಿತ್ತು, ಸೈಕಲ್ ಹತ್ತಿದ, ಮಂಜಲ್ಲಿ ಹೋಗಿ ಹಸೂಗೆ ಗುದ್ದಿದ, ತಲೆ ಕಲ್ಲಿಗೆ ಬಡೀತು. ಹಸೂಗೆ ಏನೂ ಆಗಲಿಲ್ಲ. ಸರ್ಕಾರದ ತಂತೀಲೂ ‘ಟ್ವೈಟ್ ಹಡಗು, ಅಪಘಾತ’ ಅಂತ ಅಷ್ಟೇ ಇತ್ತಂತೆ. ಆಮೇಲೆ ಸಮಾಧಿ ಫೋಟೋ ಬಂತು. ಹೆಣಾನ ಅಲೆ ಹೊತ್ತು ತಂದು ದಡಕ್ಕೆ ಹಾಕಿರಬೇಕು ಅಂತ ಮನೆಯೋರು ಅಂದ್ಕೊಂಡ್ರು.

ನಾನು ಯುದ್ಧ ಮುಗಿಸಿ ಬರೋ ಹೊತ್ತಿಗೆ ಚರ್ಚಿನ ಗೋಡೇಲಿ ಕಲ್ಲು ಕೂರಿಸಿ ಆಗಿತ್ತು, ‘ಸಮುದ್ರಪಾಲಾದ’ ಅಂತ. ಆ ತಾಯಿ ಎದುರು ನಿಂತು ಹಸು ಅನ್ನೋಕೆ ಬಾಯಿ ಬರಲಿಲ್ಲ. ಅಲೆ ಅಂದೆ. ಕೇಳಿದೋರು ಕೇಳಿದಂಗೆ ಅಲೆ ದೊಡ್ಡದಾಯ್ತು. ವರ್ಷ ವರ್ಷ ಏಪ್ರಿಲ್ ಇಪ್ಪತ್ತೈದಕ್ಕೆ, ಯುದ್ಧದಲ್ಲಿ ಸತ್ತೋರನ್ನ ನೆನೆಯೋ ದಿನ, ಊರೆಲ್ಲ ಸೇರಿ ಹೊಳೇಲಿ ಹೂವಿನ ಹಾರ ಬಿಡ್ತೀವಿ, ಸಮುದ್ರ ಸೇರಲಿ ಅಂತ. ಎಲ್ಲಿ ಸೇರುತ್ತೆ? ಕೆಳಗಡೆ ನೀರೆತ್ತೋ ಪಂಪಿನ ಜಾಲರಿಗೆ ಸಿಕ್ಕಾಕೊಳುತ್ತೆ. ಕಿತ್ತಳೆ ತೋಟಗಳಿಗೆ ನೀರು ನಿಂತುಹೋಗುತ್ತೆ. ಮಾರನೇ ದಿನ ಅದನ್ನ ಬಿಡಿಸಿ ತೆಗೆಯೋನು ನಾನೇ, ಆ ಪಂಪ್ ನೋಡ್ಕೊಳೋ ಕೆಲಸ ನಂದು. ನಲವತ್ತು ಹಾರ ತೆಗೆದಿದೀನಿ.

ಹ್ಞೂ, ಮಾವಿಸ್ ನನ್ನ ಒಪ್ಪಿದ್ದೂ ಅದಕ್ಕೇ. ಅಣ್ಣನ ಕಾಲರ್ ಹಿಡಿದ ಕೈ ಅಂತ ಈ ಕೈ ಹಿಡಿದಳು.

ಏನಂದೆ? ಬಸ್ಸು ಯಾಕೆ ತಪ್ಪಿತು ಅಂತಲಾ?... ನಂಗೇನು ಗೊತ್ತು. ಏನೋ ಹುಡುಕ್ತಿದ್ದ, ತಡ ಆಯ್ತು. ಜನ ಏನೇನೋ ಹುಡುಕ್ತಾರೆ.

ಬ್ಯಾಗಲ್ಲಿರೋ ಆ ಪೊಟ್ಟಣ ಏನು? ನಂಗ್ಯಾಕೆ ಕೊಡ್ತಿದೀಯ?

ಇದು... ಇದು ನಿಂಗೆ ಎಲ್ಲಿ ಸಿಕ್ತು.

ಒಳಗಡೆ ಪಟ್ಟೀಲಿ ಕ್ಲಾರಿ ಹೆಸರಿದೆ ನೋಡು, ಕೆಂಪು ದಾರದಲ್ಲಿ. ಆ ಪಟ್ಟಿ ಮಾವಿಸ್ ಹೊಲೆದು ಕಳಿಸಿದ್ದು. ಶೆಡ್ಡಲ್ಲಿ ನನ್ನ ಟ್ರಂಕಿತ್ತು, ಅದರ ತಳದಲ್ಲಿತ್ತಮ್ಮ ಈ ಟೋಪಿ. ಟ್ರಂಕಿನ ಬೀಗದ ಕೈ ಇರೋದು ನನ್ನ ಹತ್ರ ಒಂದೇ... ಇಲ್ಲ, ಇನ್ನೊಂದಿದೆ. ಅಡುಗೆಮನೆ ಮೊಳೇಲಿ.

ಟೋಪಿ ಇಲ್ದೆ ಯಾರನ್ನೂ ದಡಕ್ಕೆ ಬಿಡ್ತಿರಲಿಲ್ಲ, ಗೇಟಿಂದ ವಾಪಸ್ ಕಳಿಸೋರು. ತಮಾಷೆಗೆ ಬಚ್ಚಿಟ್ಟೆ. ಬಸ್ಸು ಹೊರಟ ಮೇಲೆ ಕೊಟ್ಟು ಅವನ ಮುಖ ನೋಡೋಣ ಅಂತ ಇದ್ದೆ. ಅಷ್ಟರಲ್ಲಿ ಅವನು ಯಾರದೋ ಟೋಪಿ ಇಸ್ಕೊಂಡು ಸೈಕಲ್ ಹತ್ತಿಬಿಟ್ಟ. ಅದು ದೊಡ್ಡದು, ಕಣ್ಣ ಮೇಲೆ ಜಾರ್ತಿತ್ತು. ಅದಕ್ಕೇ ಹಸು ಕಾಣಿಸಲಿಲ್ಲ ಅವನಿಗೆ. ಕರೆದೆ ನಾನು... ಇಲ್ಲ, ಕರೀಲಿಲ್ಲ. ನಗ್ತಾ ನಿಂತಿದ್ದೆ.

ಕಾಗದಾನೂ ಇತ್ತಾ ಇದರ ಜೊತೆ? ಓದಬೇಡ, ಕೊಡಿಲ್ಲಿ. ಅವಳ ಕೈಬರಹ ನಂಗೆ ಗೊತ್ತಾಗಲ್ವ... ‘ಈ ಟೋಪಿಗೆ ನೀರು ತಾಗಿದ ಗುರುತೇ ಇಲ್ಲ. ನಾನು ಕೇಳಿದ್ರೆ ಇವರು ಮತ್ತೆ ಹಡಗು ಮುಳುಗಿಸ್ತಾರೆ. ದಯವಿಟ್ಟು ನೀವು ಬಂದು ಕೇಳಿ.’

ಮೂರು ಲೋಟ ಟೀ ಮಾಡಕ್ಕೆ ಇಷ್ಟು ಹೊತ್ತು ಯಾಕೆ ಅಂತ ನಂಗೆ ಆವಾಗ್ಲೇ ಹೊಳೀಬೇಕಿತ್ತು.

ಮಾವಿಸ್. ಬಾಗಿಲ ಹಿಂದೆ ಇದೀಯ ಅಂತ ಗೊತ್ತು, ಬಾ ಈಚೆ. ಟೋಪಿ ಬಚ್ಚಿಟ್ಟಿದ್ದು ನಾನೇ ಕಣೆ.